ಹುಲ್ಲುನಾಯಿಯ ವಿಚಾರವಾಗಿ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಹೇಳಿಯೇ ಇರುತ್ತಾಳೆ. ‘ಕಾಲಕ್ಕೊಬ್ಬರು ತಿದ್ದಿದ ದಾವ್ ದ ಜಿಂಗ್‌ನಲ್ಲಿ ಲಾವೋತ್ಸುವಿನದೆನ್ನುವುದು ಏನಾದರೂ ಉಳಿದಿದೆಯೇ, ಇಲ್ಲ ನಾನು ಬರಿಯ ವ್ಯಾಖ್ಯಾನಕಾರರನ್ನು ಓದುತ್ತಿದ್ದೇನೆಯೇ’ ಎಂದು, ಲಾವೋತ್ಸು ಬರೆದನೆನ್ನುವ ಆ ಪ್ರಾಚೀನ ಚೀನೀ ಗ್ರಂಥದ ಬಗ್ಗೆ ನೀನು ಕೊನೆಗೆ ಬರೆದ ಸಾಲು ಮೂರು ದಿನದಿಂದ ನನ್ನ ನಿದ್ದೆ ಕೆಡಿಸಿದೆ.

ನಿನ್ನ ಅಂಜಿಕೆ ಹುಸಿಯಲ್ಲ. ಭೂಮ್ಯಾಕಾಶಗಳಿಗೆ ಕರುಣೆಯಿಲ್ಲ, ಅವು ಸಕಲವನ್ನೂ ಹುಲ್ಲುನಾಯಿಯಂತೆ ಕಾಣುತ್ತವೆ ಎಂದು ಐದನೆಯ ಅಧ್ಯಾಯದಲ್ಲಿದೆ. ಪೂಜೆಯವರೆಗೆ ಆದರದಿಂದ ಇಟ್ಟುಕೊಂಡು, ಮುಗಿದೊಡನೆ ತುಳಿದು ಬಿಸಾಡುವ ಹುಲ್ಲಿನ ಬೊಂಬೆ ಅದು. ಕ್ರಿ.ಶ. 249ರಲ್ಲಿ, ನಿನಗಿಂತ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ ವ್ಯಾಖ್ಯಾನಕಾರ ವಾಂಗ್ ಬೀ ಆ ಪದವನ್ನು ಎರಡಾಗಿ ಒಡೆದು, ಭೂಮಿ ಪ್ರಾಣಿಗಳಿಗೆಂದು ಹುಲ್ಲು ಬೆಳೆಯದಿದ್ದರೂ ಪ್ರಾಣಿಗಳು ಹುಲ್ಲು ತಿನ್ನುತ್ತವೆ ಎಂದು ವಿವರಿಸಿದ. ವಾಯುವ್ಯ ಚೀನಾದ ದುನ್‌ಹುವಾಂಗ್‌ನಲ್ಲಿ ಸಿಕ್ಕ ಷಿಯಾಂಗ್‌ಅರ್ ಎಂಬ ಹಳೆಯ ವ್ಯಾಖ್ಯಾನಕ್ಕೆ ಅಷ್ಟು ನಿಷ್ಠುರತೆ ಸಹಿಸಲಾಗಲಿಲ್ಲ; ಒಳ್ಳೆಯವರಿಗೆ ಕರುಣೆಯುಂಟು, ಕೆಟ್ಟವರಿಗಷ್ಟೇ ಇಲ್ಲ ಎಂದಿತು. ಅಷ್ಟಕ್ಕೇ ನಿಲ್ಲದೆ, ಇಪ್ಪತ್ತೈದನೆಯ ಅಧ್ಯಾಯದ ‘ರಾಜ’ ಎಂಬ ಅಕ್ಷರವನ್ನೇ ‘ಜೀವ’ ಎಂದು ಬದಲಿಸಿತು. ಪುಸ್ತಕದ ಮೊದಲ ಸಾಲಿನಲ್ಲಿ ನಿತ್ಯ ಎಂಬರ್ಥದ ‘ಹಂಗ್’ ಎಂಬ ಪದ ‘ಚಾಂಗ್’ ಆದದ್ದಂತೂ ‘ಹಂಗ್’ ಎಂಬುದು ಹಾನ್ ವಂಶದ ಚಕ್ರವರ್ತಿ ವೆನ್‌ನ ಹೆಸರಾಗಿತ್ತು, ಅರಸನ ಹೆಸರನ್ನು ಬರೆಯುವಂತಿರಲಿಲ್ಲ ಎಂಬ ಒಂದೇ ಕಾರಣಕ್ಕೆ.

ಇದನ್ನೆಲ್ಲ ನೀನು ನನಗಿಂತ ಚೆನ್ನಾಗಿ ಬಲ್ಲೆ, ಆದರೂ ಬರೆಯುತ್ತಿರುವುದು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಲು. ನಾನು ತತ್ತ್ವಶಾಸ್ತ್ರ ಪಾಠ ಮಾಡುತ್ತಿದ್ದ 1980ರ ದಶಕದಲ್ಲಿ ಒಬ್ಬ ಹುಡುಗ, ಹತ್ತೊಂಬತ್ತನೆಯ ಅಧ್ಯಾಯದ ‘ಕರುಣೆಯನ್ನು ತೊರೆಯಿರಿ’ ಎಂಬ ಮಾತು ಈ ಪುಸ್ತಕದ ಸ್ವಭಾವಕ್ಕೆ ಒಗ್ಗುವುದಿಲ್ಲ, ಯಾರೋ ಸೇರಿಸಿರಬೇಕು ಎಂದು ಉತ್ತರ ಬರೆದಿದ್ದ. ಒಂದು ಇಂಗ್ಲಿಷ್ ಅನುವಾದವನ್ನೇ ವೇದವೆಂದು ನಂಬಿದ್ದ ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. 1993ರಲ್ಲಿ ಚೀನಾದ ಹುಬೈ ಪ್ರಾಂತ್ಯದ ಗುವೋದಿಯನ್ ಗೋರಿಯಲ್ಲಿ ಇದೇ ಪುಸ್ತಕದ ಭಾಗಗಳನ್ನು ಬರೆದ ಬಿದಿರಿನ ಪಟ್ಟಿಗಳು ಸಿಕ್ಕಿ, 1998ರಲ್ಲಿ ಅಚ್ಚಾದವು. ಕ್ರಿ.ಪೂ. 300ರ ಆಸುಪಾಸಿನ ಆ ಪ್ರತಿಯಲ್ಲಿ ಕರುಣೆಯನ್ನು ತೊರೆಯಿರೆಂಬ ಮಾತೇ ಇಲ್ಲ. ಆ ಜಾಗದ ಅಕ್ಷರವನ್ನು ಹಲವು ವಿದ್ವಾಂಸರು ಕಪಟವೆಂದು ಓದುತ್ತಾರೆ. ಆ ಹುಡುಗನ ಹೆಸರು ನನಗೆ ನೆನಪಿಲ್ಲ, ದುಂಡಗಿನ ಕೈಬರಹ ಮಾತ್ರ ಕಣ್ಣ ಮುಂದಿದೆ.

ಹಾಗೆಂದು ಗುವೋದಿಯನ್ ಪ್ರತಿಯೇ ಮೂಲವೆಂದು ನೀನು ನೆಮ್ಮದಿ ಪಡುವಂತೆಯೂ ಇಲ್ಲ. ಅದರಲ್ಲಿರುವುದು ನಾವು ಓದುವ ಪಠ್ಯದ ಸುಮಾರು ಐದರಲ್ಲಿ ಎರಡು ಪಾಲು. ನಿನ್ನ ಭಯಕ್ಕೆ ನನ್ನಲ್ಲಿ ಮದ್ದಿಲ್ಲ. ಕೇಳದೆ ಸಲಹೆ ಕೊಡುವ ಮುದುಕನೆಂದುಕೊಂಡರೂ ಸರಿಯೇ, ಒಂದೊಂದು ಅಧ್ಯಾಯದ ಬೇರೆ ಬೇರೆ ಪಾಠಾಂತರಗಳನ್ನು ಅಕ್ಕಪಕ್ಕ ಕೈಯಿಂದಲೇ ಬರೆದುಕೊಂಡು ನೋಡು. ರಾತ್ರಿ ಮಾತ್ರ ಬೇಡ. ನಿನ್ನ ಪತ್ರದ ಅಕ್ಷರವೇ ನಿದ್ದೆಗೆಟ್ಟಂತಿತ್ತು.

ಐದನೆಯ ಅಧ್ಯಾಯದಿಂದಲೇ ಶುರುಮಾಡಬಹುದು. ಆ ಬಿದಿರಿನ ಪಟ್ಟಿಯಲ್ಲಿ ಹುಲ್ಲುನಾಯಿಯೇ ಇಲ್ಲ. ಭೂಮ್ಯಾಕಾಶಗಳ ನಡುವಿನ ಬಯಲು ತಿದಿಯಂತೆ, ಬರಿದಾದರೂ ಬತ್ತದು, ಒತ್ತಿದಷ್ಟೂ ಹೊರಬರುತ್ತದೆ ಎಂಬ ಮಾತಷ್ಟೇ ಇದೆ. ಅದನ್ನು ನೀನು ಹೇಗೆ ಓದಿದೆ ಎಂದು ನನಗೆ ಬರೆ, ಈ ಸಲ ಕೆಂಪು ಶಾಯಿ ಮುಟ್ಟುವುದಿಲ್ಲ.

ಇತಿ,
ನಿನ್ನ ದೊಡ್ಡಪ್ಪ