ಅಳಿಸುವ ಸಿನಿಮಾ ಕೇಳಿದ ಪುಟ್ಟಿಗೆ

ಚಿಕ್ಕಬಳ್ಳಾಪುರ
ನವೆಂಬರ್ 2025

ಪುಟ್ಟಿ,

ನಿನ್ನ ಮೆಸೇಜು ಓದಿದೆ. ಆಫೀಸು, ಪಿಜಿ ಊಟ, ಟ್ರಾಫಿಕ್ಕು ಎಲ್ಲ ಓದಿಕೊಂಡು ಬಂದು ಕೊನೆಯ ಸಾಲಿನಲ್ಲಿ ನಿಂತುಬಿಟ್ಟೆ. ‘ದೊಡ್ಡಮ್ಮ, ಈ ವರ್ಷ ಬಂದ ಸಿನಿಮಾಗಳಲ್ಲಿ ಚೆನ್ನಾಗಿ ಅಳಿಸುವಂಥದ್ದು ಯಾವುದು ಹೇಳು, ಅಮ್ಮ ಹೋದ ಮೇಲೆ ನನಗೆ ಇನ್ನೂ ಅಳುವೇ ಬಂದಿಲ್ಲ, ಕಲ್ಲಾಗಿಬಿಟ್ಟೆನಾ ಅಂತ ಭಯ ಆಗುತ್ತೆ’ ಅಂತ ಬರೆದಿದ್ದೀಯ. ನಾಲ್ಕು ಹೆಸರು ಟೈಪ್ ಮಾಡಿ ಕಳಿಸಿದ್ದರೆ ಮುಗಿಯುತ್ತಿತ್ತು. ಆಗಲಿಲ್ಲ. ಬೆಳಗ್ಗೆಯಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಫೋನ್ ಮಾಡೋಣ ಅಂದುಕೊಂಡೆ, ನೀನು ‘ಏನಿಲ್ಲ ಬಿಡು ದೊಡ್ಡಮ್ಮ’ ಅಂದು ಮಾತು ಬದಲಾಯಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಮ್ಮನ ಜೊತೆ ನಿನ್ನನ್ನು ಹೋಲಿಸಿಕೊಂಡಿದ್ದೀಯ ಅನಿಸಿತು. ಅವಳು ಸಿನಿಮಾದಲ್ಲಿ ಯಾರಿಗೆ ಏನಾದರೂ ಅಳುತ್ತಿದ್ದಳು. ನಾವು ಚಿಕ್ಕವರಿದ್ದಾಗ ಟೆಂಟಿನಲ್ಲಿ ‘ಬಂಗಾರದ ಮನುಷ್ಯ’ ಹಾಕಿದ್ದರು. ಅದು 1972ರ ಸಿನಿಮಾ, ನಮ್ಮ ಕಡೆ ಬರುವ ಹೊತ್ತಿಗೆ ರೀಲು ಸವೆದು ಪರದೆ ತುಂಬ ಗೀರು. ಕೊನೆಯಲ್ಲಿ ರಾಜೀವಪ್ಪ ಎಲ್ಲ ಬಿಟ್ಟು ನಡೆದು ಹೋಗುವಾಗ ನಿಮ್ಮಮ್ಮ ಲಂಗದ ಅಂಚು ಬಾಯಿಗೆ ತುರುಕಿಕೊಂಡು ಬಿಕ್ಕುತ್ತಿದ್ದಳು. ನಾನು ಪಕ್ಕದಲ್ಲೇ ಮರಳಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ. ಹಾಗಂತ ಆ ಸಿನಿಮಾ ನನಗೇನು ಕಮ್ಮಿ ತಟ್ಟಿರಲಿಲ್ಲ. ಇವತ್ತಿಗೂ ಟೀವಿಯಲ್ಲಿ ಬಂದರೆ ಆ ಭಾಗ ಹತ್ತಿರ ಬರುತ್ತಿದ್ದ ಹಾಗೆ ಎದ್ದು ಅಡುಗೆಮನೆಗೆ ಹೋಗುತ್ತೇನೆ, ನೋಡಲಾಗುವುದಿಲ್ಲ. ಕಣ್ಣೀರು ಮಾತ್ರ ಬರುವುದಿಲ್ಲ. ನಮ್ಮ ಮನೆಯಲ್ಲಿ ಎರಡು ಥರದವರೂ ಇದ್ದಾರೆ ಕಣೇ. ನೀನು ನನ್ನ ಥರ ಇರಬಹುದು, ಅಲ್ವಾ?

ನೀನು ಕೇಳಿದಂಥ ಸಿನಿಮಾ ಇದೆ. ನಾನು ಹೇಳದಿದ್ದರೂ ಹುಡುಕಿ ನೋಡುತ್ತೀಯ, ಅದಕ್ಕೆ ನಾನೇ ಹೇಳಿಬಿಡುತ್ತೇನೆ. ‘ಮಿಥ್ಯ’. ಮಾರ್ಚಿನಲ್ಲಿ ಬಂತು. ಸುಮಂತ್ ಭಟ್ ನಿರ್ದೇಶನ, ರಕ್ಷಿತ್ ಶೆಟ್ಟಿಯವರ ಸಂಸ್ಥೆ ಮಾಡಿದ್ದು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ 11 ವರ್ಷದ ಹುಡುಗ ಮುಂಬೈ ಬಿಟ್ಟು ಉಡುಪಿ ಕಡೆ ನೆಂಟರ ಮನೆಗೆ ಬರುತ್ತಾನೆ. ಅಷ್ಟೇ ಕತೆ. ಅವನ ದುಃಖ ಕಣ್ಣೀರಿಗಿಂತ ಜಾಸ್ತಿ ಸಿಟ್ಟಾಗಿ, ಮೌನವಾಗಿ ಹೊರಗೆ ಬರುತ್ತದೆ. ಆ ಪಾತ್ರ ಮಾಡಿದ ಆತಿಶ್ ಶೆಟ್ಟಿಯ ಮುಖ ನೋಡುತ್ತಿದ್ದರೆ ಸಾಕು, ಇಷ್ಟು ಚಿಕ್ಕ ಹುಡುಗ ಹೇಗೆ ಮಾಡಿದ ಅನಿಸುತ್ತದೆ. ನಾನು ಮಾತ್ರ ಹುಡುಗನಿಗಿಂತ ಜಾಸ್ತಿ ಅವನನ್ನು ಕರೆದುಕೊಂಡು ಬಂದ ದೊಡ್ಡವರನ್ನೇ ನೋಡುತ್ತಾ ಕೂತಿದ್ದೆ. ಅವರಿಗೆ ಅವನ ಹತ್ತಿರ ಏನು ಮಾತಾಡಬೇಕು ಅಂತ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗುತ್ತಿಲ್ಲ ಪುಟ್ಟಿ.

ಈ ವರ್ಷದ ಒಳ್ಳೆಯ ಸಿನಿಮಾ ಯಾವುದು ಅಂತ ಬೇರೆ ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ. ನಿನಗೆ ಮಾತ್ರ ಈಗಲೇ ಬೇಡ. ರಾತ್ರಿ ಒಬ್ಬಳೇ ಇಯರ್‌ಫೋನ್ ಹಾಕಿಕೊಂಡು ಮೊಬೈಲಿನಲ್ಲಿ ಅಂತೂ ಬೇಡವೇ ಬೇಡ. ಅಳು ಬರುತ್ತಾ, ಬರಲ್ವಾ ಅಂತ ಕಾಯುತ್ತಾ ಕೂತರೆ ನಿನಗೆ ಆ ಹುಡುಗ ಕಾಣುವುದೇ ಇಲ್ಲ. ಸಿನಿಮಾ ಮುಗಿಯುತ್ತದೆ, ಕಣ್ಣು ಒಣಗಿರುತ್ತದೆ, ಇದರಲ್ಲೂ ಅಳು ಬರಲಿಲ್ಲ ಅಂದರೆ ನಾನು ಕಲ್ಲೇ ಸರಿ ಅಂತ ತೀರ್ಮಾನ ಮಾಡಿಕೊಂಡು ದಿಂಬಿಗೆ ತಲೆ ಕೊಡುತ್ತೀಯ. ನನಗಿರುವ ಹೆದರಿಕೆ ಅದು. ಅಳದೇ ಇರುವುದಕ್ಕೆ ನಾನು ಹೆದರಿಲ್ಲ. ನಿನ್ನನ್ನು ನೀನೇ ಹೀಗೆ ಪರೀಕ್ಷೆಗೆ ಕೂರಿಸಿಕೊಂಡಿದ್ದೀಯಲ್ಲ, ಅದಕ್ಕೆ ಹೆದರಿದ್ದೇನೆ.

ತಾತನ ಒಂದು ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಿಮ್ಮಮ್ಮನೂ ಹೇಳಿರುವುದಿಲ್ಲ.

ನಿಮ್ಮಜ್ಜಿ ಹೋದಾಗ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿದ್ದವು. ಆ ಹೊತ್ತಿನಲ್ಲಿ ಹುಳು ಹಗಲೂ ರಾತ್ರಿ ತಿನ್ನುತ್ತವೆ, ಯಾರು ಸತ್ತರೂ ಸೊಪ್ಪು ತಪ್ಪಿಸುವ ಹಾಗಿಲ್ಲ. ಅಪ್ಪ ಮಣ್ಣು ಮುಗಿಸಿ ಬಂದು ಸ್ನಾನ ಮಾಡಿ ಸೊಪ್ಪು ಕೊಯ್ಯಲು ಹೋದರು. ಆಮೇಲೆ ಹುಳು ಹಣ್ಣಾದವು, ಗೂಡು ಕಟ್ಟುವ ಹದಕ್ಕೆ ಬಂದವು. ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದರೆ ಮೈಯೊಳಗೆ ಹಳದಿ ಕಾಣುತ್ತದೆ. ಅಪ್ಪ ಒಂದೊಂದನ್ನೂ ಎರಡು ಬೆರಳಲ್ಲಿ ಎತ್ತಿ, ಕಿಟಕಿಗೆ ಹಿಡಿದು ನೋಡಿ, ನಿಧಾನಕ್ಕೆ ಚಂದ್ರಿಕೆಯ ಮೇಲೆ, ಗೂಡು ಕಟ್ಟುವ ಬಿದಿರಿನ ತಟ್ಟಿಯ ಮೇಲೆ, ಬಿಡುತ್ತಿದ್ದರು. ಸಾವಿರಾರು ಹುಳು, ಎಲ್ಲವನ್ನೂ ಹಾಗೇ. ಮಾತಿಲ್ಲ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ದುಡ್ಡು ತೆಗೆದುಕೊಂಡ ದಿನ ಸಂಜೆ ಮನೆಗೆ ಬರಲಿಲ್ಲ. ಸಿನಿಮಾಗೆ ಹೋಗಿದ್ದರು.

ತೆಲುಗು ಸಿನಿಮಾ. ನಮ್ಮ ಕಡೆ ಆಗ ಅವೇ ಜಾಸ್ತಿ ಓಡುತ್ತಿದ್ದವು, ಯಾವುದು ಅಂತ ನೋಡಿಯೂ ಇರಲಿಕ್ಕಿಲ್ಲ ಅವರು. ಆಮೇಲೆ ಪ್ರತಿ ಬೆಳೆಗೂ ಹಾಗೇ ಆಯಿತು. ಗೂಡು ಮಾರುವುದು, ಆಟ ನೋಡುವುದು, ಕೊನೆಯ ಬಸ್ಸು ತಪ್ಪಿದರೆ ನಡೆದುಕೊಂಡು ಬರುವುದು. ಹೆಂಡತಿ ಸತ್ತು ತಿಂಗಳಾಗಿಲ್ಲ, ಸಿನಿಮಾ ಬೇಕಂತೆ ಅಂತ ಊರಲ್ಲಿ ಮಾತಾಡಿಕೊಂಡರು. ನನಗೂ ಸಿಟ್ಟು. ಊಟಕ್ಕೆ ಬಡಿಸುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ನಿಮ್ಮಮ್ಮ ಚಿಕ್ಕವಳು, ಅವಳಿಗೆ ಅದೆಲ್ಲ ಗೊತ್ತಿಲ್ಲ, ತೊಡೆ ಮೇಲೆ ಹತ್ತಿ ಕೂತು ‘ಯಾವ ಸಿನಿಮಾ ಅಪ್ಪ, ಕತೆ ಹೇಳು’ ಅಂತ ಕೇಳುತ್ತಿದ್ದಳು. ಅಪ್ಪನಿಗೆ ಹೇಳಲು ಬರುತ್ತಿರಲಿಲ್ಲ. ನೋಡಿದ್ದರೆ ತಾನೇ? ಕತ್ತಲಲ್ಲಿ ಸುಮ್ನೆ ಕೂತು ಎದ್ದು ಬರುತ್ತಿದ್ದರು.

ಅದು ನನಗೆ ಹೊಳೆದಿದ್ದು ಎಷ್ಟೋ ವರ್ಷದ ಮೇಲೆ. ಆ ಮನೆಯಲ್ಲಿ ಅವರಿಗೆ ಕೂರುವುದಕ್ಕೆ ಜಾಗ ಎಲ್ಲಿತ್ತು? ಹಜಾರದ ತುಂಬ ಹುಳುವಿನ ತಟ್ಟೆ, ಮೂಲೆಯಲ್ಲಿ ಸೊಪ್ಪು, ಬಾಗಿಲಲ್ಲಿ ನೆಂಟರು, ಎಲ್ಲರ ಕಣ್ಣೂ ಅವರ ಮುಖದ ಮೇಲೆ. ಥಿಯೇಟರಿನಲ್ಲಿ ಅಕ್ಕಪಕ್ಕ ಜನ ಇರುತ್ತಾರೆ, ಆದರೆ ಎಲ್ಲರೂ ಪರದೆ ನೋಡುತ್ತಿರುತ್ತಾರೆ. ಒಂದು ಸಲವಾದರೂ ಜೊತೆಗೆ ಹೋಗಬೇಕಿತ್ತು ನಾನು, ಪಕ್ಕದಲ್ಲಿ ಕೂತು ಬರಬೇಕಿತ್ತು. ಈಗ ಯಾರನ್ನು ಕೇಳಲಿ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಯೆಲ್ಲ ಸುತ್ತಿಸಿದ ತಾತ ಅವರೇ ಅಲ್ವಾ. ಅವರು ಕಲ್ಲಾಗಿದ್ದರಾ? ನೀನೇ ಹೇಳು.

ಅದಕ್ಕೆ ಪುಟ್ಟಿ, ಅಳಿಸುವ ಸಿನಿಮಾ ಆಮೇಲೆ ನೋಡೋಣ. ಮೊದಲು ನಾಲ್ಕು ಜನರ ಜೊತೆ ಕೂತು ನೋಡುವಂಥದ್ದು ನೋಡು. ‘ಸು ಫ್ರಂ ಸೋ’ ನೋಡಿಲ್ಲ ಅಲ್ವಾ ನೀನು? ಜುಲೈ 25ಕ್ಕೆ ಬಂತು. ಜೆ.ಪಿ. ತುಮಿನಾಡು ಅವರ ಮೊದಲ ನಿರ್ದೇಶನ, ಅಶೋಕನ ಪಾತ್ರವನ್ನೂ ಅವರೇ ಮಾಡಿದ್ದಾರೆ. ಕರಾವಳಿಯ ಒಂದು ಊರು, ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನ ಬಂದಿದ್ದಾಳೆ ಅಂತ ಸುದ್ದಿ ಹಬ್ಬಿ ಊರಿಗೆ ಊರೇ ಕುಣಿಯುತ್ತದೆ. ದೊಡ್ಡ ಹೀರೋ ಇಲ್ಲ, ಬಾಯಿಂದ ಬಾಯಿಗೆ ಹೋಗಿ ಓಡಿದ ಸಿನಿಮಾ. ಆ ಕಡೆಯ ಕನ್ನಡ ನಮ್ಮವರಿಗೆ ಹಿಡಿಸುತ್ತೋ ಇಲ್ಲವೋ ಅಂದುಕೊಂಡು ಹೋಗಿದ್ದೆ. ಪಕ್ಕದ ಸೀಟಿನಲ್ಲಿ ನನಗಿಂತ ವಯಸ್ಸಾದ ಒಬ್ಬರು, ನಮ್ಮ ಕಡೆ ಹಳ್ಳಿಯವರೇ, ತೆಲುಗು ಮಾತಾಡುವವರು, ರವಿಯಣ್ಣ ಬಾಯಿ ತೆಗೆಯುವುದಕ್ಕೆ ಮುಂಚೆಯೇ ನಗಲು ಶುರು ಮಾಡುತ್ತಿದ್ದರು. ಶನೀಲ್ ಗೌತಮ್ ಅಂತ, ಆ ರವಿಯಣ್ಣನ ಪಾತ್ರ ಮಾಡಿದವರು. ನೋಡಬೇಕು ನೀನು.

ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಗೊತ್ತಿಲ್ಲದೆ ಹೋಗಿ ಕೂರುವುದು ಬೇಡ. ಇಂಟರ್ವಲ್ ಆದ ಮೇಲೆ ಸುಲೋಚನಳ ಮಗಳು ಭಾನು ಬರುತ್ತಾಳೆ. ಅಲ್ಲಿಯವರೆಗೂ ಊರಿಗೆಲ್ಲ ತಮಾಷೆಯಾಗಿದ್ದ ದೆವ್ವ, ಆ ಹುಡುಗಿಗೆ ಅಮ್ಮ. ಥಿಯೇಟರಿನಲ್ಲಿ ನಗು ನಿಂತೇ ಹೋಯಿತು. ನನಗೆ ನಿನ್ನ ಮುಖ ಕಣ್ಣ ಮುಂದೆ ಬಂತು. ಅಲ್ಲಿ ಏನೂ ಅನಿಸದಿದ್ದರೂ ಪರವಾಗಿಲ್ಲ ಕಣೇ, ಎದ್ದು ಹೋಗಬೇಕು ಅನಿಸಿದರೆ ಎದ್ದು ಹೋಗು. ಈಗ ಮೊಬೈಲಿನಲ್ಲೂ ಬಂದಿದೆ. ರೂಮಿನ ಹುಡುಗಿಯರನ್ನು ಸೇರಿಸಿಕೊಂಡು ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ. ಸ್ಪೀಡು ಹೆಚ್ಚಿಸಿ ಓಡಿಸಿ ನೋಡುತ್ತೇನೆ ಅಂತ ಹೋದ ಸಲ ಹೇಳಿದ್ದೆಯಲ್ಲ, ಅದು ಬೇಡ. ಈ ಮಾತು ಹೇಳುವುದಕ್ಕೆ ನಾನ್ಯಾರು, ನಿಮ್ಮ ಕಾಲ ಬೇರೆ. ಆದರೂ ಅವರು ಸುಮ್ಮನಿರುವ ಹೊತ್ತನ್ನೂ ಅಷ್ಟೇ ಕಷ್ಟಪಟ್ಟು ತೆಗೆದಿರುತ್ತಾರೆ, ಅದನ್ನು ಹಾರಿಸಿಬಿಟ್ಟರೆ ಏನೂ ಅನಿಸದೇ ಇರುವುದು ನಿನ್ನ ತಪ್ಪಲ್ಲವಲ್ಲ.

‘ಫೈರ್‌ಫ್ಲೈ’ ಅಂತ ಇನ್ನೊಂದು. ಏಪ್ರಿಲ್ 24, ಅಣ್ಣಾವ್ರ ಹುಟ್ಟುಹಬ್ಬದ ದಿನ ಬಂತು. ಶಿವಣ್ಣನ ಮಗಳು ನಿವೇದಿತಾ ನಿರ್ಮಾಣ, ವಂಶಿ ಅನ್ನುವವರು ನಿರ್ದೇಶಿಸಿ ತಾವೇ ನಟಿಸಿದ್ದಾರೆ. ಅಪ್ಪ ಅಮ್ಮ ಹೋದ ಮೇಲೆ ವಿಕ್ಕಿಗೆ ನಿದ್ದೆ ಬರುವುದಿಲ್ಲ, ಅದೇ ಕತೆ. ಬಣ್ಣ ಜಾಸ್ತಿ, ನಗುವೂ ಇದೆ, ನಿನ್ನ ವಯಸ್ಸಿನವರಿಗೆ ನನಗಿಂತ ಹೆಚ್ಚು ಹಿಡಿಸಬಹುದು. ನಿದ್ದೆಯ ಮಾತು ಬಂತಲ್ಲ, ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ಮೆಸೇಜು ನನಗೆ ಬಂದಿದ್ದು ರಾತ್ರಿ 3 ಗಂಟೆಗೆ. ಅವತ್ತೊಂದು ದಿನವಾ, ದಿನಾ ಹೀಗೇನಾ? ದಿನಾ ಹೀಗೇ ಆಗಿದ್ದರೆ ಅದನ್ನು ಸಿನಿಮಾ ನೋಡಿ ಸರಿ ಮಾಡಿಕೊಳ್ಳುವುದಕ್ಕೆ ಆಗುವುದಿಲ್ಲ ಕಂದ. ಮನಸ್ಸಿನ ಕಷ್ಟ ಹೇಳಿಕೊಳ್ಳುವುದಕ್ಕೆ ಸರ್ಕಾರದ್ದು ಟೆಲಿ ಮಾನಸ್ ಅಂತ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ, ನಿಮ್ಹಾನ್ಸ್‌ನವರು ಅದರ ಹಿಂದೆ ಇದ್ದಾರೆ. ದೊಡ್ಡಮ್ಮ ಹುಚ್ಚಾಸ್ಪತ್ರೆ ಮಾತಾಡುತ್ತಾಳೆ ಅಂದುಕೊಳ್ಳಬೇಡ. ತಪ್ಪು ತಿಳಿಯಬೇಡ. ತಾತನ ಕಾಲದಲ್ಲಿ ಇಂಥದ್ದೊಂದು ಇದ್ದಿದ್ದರೆ, ಅವರು ಮಾಡುತ್ತಿದ್ದರೋ ಇಲ್ಲವೋ, ಇದೆ ಅಂತಾದರೂ ಗೊತ್ತಿರುತ್ತಿತ್ತು.

ಉಳಿದವು ಬೇಗ ಹೇಳಿಬಿಡುತ್ತೇನೆ. ‘ಅಜ್ಞಾತವಾಸಿ’ಯಲ್ಲಿ ರಂಗಾಯಣ ರಘು ಮಲೆನಾಡಿನ ಒಂದು ಊರಿನ ಇನ್ಸ್‌ಪೆಕ್ಟರ್. ಎಷ್ಟೋ ವರ್ಷದಿಂದ ಒಂದು ಕೇಸೂ ಆಗದ ಊರಿನಲ್ಲಿ ಒಂದು ಸಾವು ಆಗುತ್ತದೆ. ನಿಧಾನಕ್ಕೆ ಹೋಗುತ್ತದೆ, ತಾಳ್ಮೆ ಇರುವ ದಿನ ನೋಡು, ಆ ಮನುಷ್ಯನ ಕಣ್ಣು ನೋಡುವುದಕ್ಕಾದರೂ ನೋಡು. ‘ಏಳುಮಲೆ’ ವೀರಪ್ಪನ್ ಕಾಲದ ಗಡಿಭಾಗದ ಪ್ರೇಮಕತೆ, ಉಸಿರು ಬಿಗಿ ಹಿಡಿದು ನೋಡುವ ಹಾಗಿದೆ. ‘ಕಾಂತಾರ’ದ ಹೊಸದು ಅಕ್ಟೋಬರ್ 2ಕ್ಕೆ ಬಂತಲ್ಲ, ರಿಷಬ್ ಶೆಟ್ಟಿ ಕದಂಬರ ಕಾಲಕ್ಕೆ ಕರೆದುಕೊಂಡು ಹೋಗಿದ್ದಾರೆ. ಅದನ್ನು ಮೊಬೈಲಿನಲ್ಲಿ ನೋಡಿದರೆ ನೋಡದ ಹಾಗೇ, ದೊಡ್ಡ ಪರದೆಗೇ ಮಾಡಿದ್ದು. ಬೆಂಗಳೂರಿನಲ್ಲಿ ಟಿಕೆಟ್ಟು ದುಬಾರಿ ಅಂತ ಗೊತ್ತು. 200 ರೂಪಾಯಿ ಮೀರಬಾರದು ಅಂತ ಸರ್ಕಾರ ಆದೇಶ ಮಾಡಿತು, ಹೈಕೋರ್ಟು ತಡೆ ಕೊಟ್ಟಿತು. ನಮ್ಮಂಥ ಊರಿನಲ್ಲಿ ಇನ್ನೂ ಅಷ್ಟಿಲ್ಲ. ಹೊಡೆದಾಟದ ಸಿನಿಮಾಗಳ ವಿಷಯ ನಾನು ಹೇಳುವುದಿಲ್ಲ, ನೋಡಿದ್ದರೆ ತಾನೇ ಹೇಳುವುದಕ್ಕೆ.

ಮತ್ತೆ ಅಲ್ಲಿಗೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಆಸ್ಪತ್ರೆಯಲ್ಲಿ ನಿಮ್ಮಮ್ಮನ ಕಾಲುಗುರು ಕತ್ತರಿಸುತ್ತಾ ಕೂತಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಒಂದೊಂದು ಬೆರಳನ್ನೂ ಹಿಡಿದು, ಒರೆಸಿ, ಕತ್ತರಿಸಿ, ತುಂಡುಗಳನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಅವಳು ನಿದ್ದೆಯಲ್ಲಿದ್ದಳು, ನಾನು ನೋಡಿದ್ದು ನಿನಗೆ ಗೊತ್ತಿಲ್ಲ. ನಮ್ಮಪ್ಪ ಹುಳು ಎತ್ತುತ್ತಿದ್ದ ಹಾಗೇ ಇತ್ತು ನಿನ್ನ ಕೈ. ಅಂಥ ಹುಡುಗಿ ರಾತ್ರಿ 3 ಗಂಟೆಗೆ ನಾನು ಕಲ್ಲಾ ಅಂತ ಕೇಳಿದರೆ ನಾನು ಏನು ಹೇಳಲಿ?

ಡಿಸೆಂಬರ್ 25ಕ್ಕೆ ‘45’ ಬರುತ್ತದಂತೆ. ಅರ್ಜುನ್ ಜನ್ಯ ಮೊದಲ ಸಲ ನಿರ್ದೇಶನ ಮಾಡಿದ್ದಾರೆ, ಶಿವಣ್ಣ, ಉಪೇಂದ್ರ, ರಾಜ್ ಬಿ. ಶೆಟ್ಟಿ ಮೂವರೂ ಇದ್ದಾರೆ. ಹೇಗಿರುತ್ತದೋ, ಚೆನ್ನಾಗಿಲ್ಲದಿದ್ದರೂ ಹೋಗೋಣ. ಅವತ್ತು ನಿನಗೆ ರಜೆ. ಹಿಂದಿನ ದಿನ ಸಂಜೆಯೇ ಹೊರಟುಬಿಡು, ಹೆಬ್ಬಾಳದಲ್ಲಿ ನಿಂತರೆ ಚಿಕ್ಕಬಳ್ಳಾಪುರದ ಬಸ್ಸು ಸಿಗುತ್ತದೆ. ರಾತ್ರಿ ಇಲ್ಲೇ ಮಲಗು. ಸಿನಿಮಾ ನೋಡಿ ಬಂದ ಮೇಲೆ, ನಿನಗೆ ಮನಸ್ಸಿದ್ದರೆ, ‘ಮಿಥ್ಯ’ ಟೀವಿಗೆ ಹಾಕೋಣ, ಮನಸ್ಸಿಲ್ಲದಿದ್ದರೆ ಇನ್ನೊಂದು ಸಲ. ಅವರೆಕಾಯಿ ಸೊಗಡು ಬರುವ ಕಾಲ, ಬೇಳೆ ಹಿಸುಕುವುದಕ್ಕೆ ನನಗೂ ಒಂದು ಜೊತೆ ಕೈ ಬೇಕು. ಸಿನಿಮಾ ಟಿಕೆಟ್ಟು ನಾನು ತೆಗೆಸಿಡುತ್ತೇನೆ. ಎಷ್ಟು ಗಂಟೆಗೆ ಹೊರಡುತ್ತೀಯ ಅಂತ ಮಾತ್ರ ತಿಳಿಸು, ನಿಮ್ಮ ದೊಡ್ಡಪ್ಪ ಬಸ್ ಸ್ಟ್ಯಾಂಡಿಗೆ ಬರುತ್ತಾರೆ.

ನಿನ್ನ
ದೊಡ್ಡಮ್ಮ