ಬಿಲ್ಲಿಲ್ಲದ ಬೀಜ, ಸಾಯದ ಕಳೆ

ಮಾನ್ಯರೆ,

ಕಳೆನಾಶಕ ತಾಳುವ ಹತ್ತಿಗೆ ದೇಶದಲ್ಲಿ ಅನುಮತಿಯೇ ಇಲ್ಲ. ಆದರೂ ಬೀಜ ಗುಟ್ಟಾಗಿ ಬಿಕರಿಯಾಗುತ್ತಿದೆ. ಬಿಲ್ ಇಲ್ಲದ್ದರಿಂದ ಮೊಳಕೆ ಬಾರದಿದ್ದರೂ ಪರಿಹಾರ ಕೇಳುವಂತಿಲ್ಲ. ಗ್ಲೈಫೊಸೇಟ್ ಎಂಬ ಕಳೆನಾಶಕ ಹೊಡೆದರೆ ಹತ್ತಿಯೇನೋ ಉಳಿಯುತ್ತದೆ, ಹತ್ತಿಯ ನಡುವೆ ಬಿತ್ತಿದ ಅಕ್ಕಡಿ ಸಾಲಿನ ತೊಗರಿ ಸಾಯುತ್ತದೆ. ಗಾಳಿಗೆ ಹಾರಿದ ಹನಿ ಪಕ್ಕದವರ ಮೆಣಸಿನ ಗಿಡವನ್ನೂ ಸುಡುತ್ತದೆ. ಕಾಲುವೆಯ ರಾಡಿ ನೀರಲ್ಲಿ ಬೆರೆಸಿದರೆ ಔಷಧಿ ಮಣ್ಣಿನ ಕಣಕ್ಕೆ ಅಂಟಿ ಸತ್ವಗೆಡುತ್ತದೆ. ಕಳೆ ಸಾಯಲಿಲ್ಲವೆಂದು ಮತ್ತೆ ಹೊಡೆಯುವುದು, ಖರ್ಚು ಇಮ್ಮಡಿ. ವರ್ಷವರ್ಷವೂ ಅದನ್ನೇ ಹೊಡೆದರೆ, ಬದುಕುಳಿದ ಕಳೆಯ ಬೀಜವೇ ಹೊಲ ತುಂಬುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ 2005ರ ಹೊತ್ತಿಗೇ ಗ್ಲೈಫೊಸೇಟ್‌ಗೆ ಜಗ್ಗದ, ದಂಟಿನ ಜಾತಿಯ ಕಳೆ ಕಂಡಿತು. ಕೊನೆಗೆ ಹತ್ತಿ ಹೊಲಕ್ಕೆ ಆಳು ಹಚ್ಚಿ ಕೀಳಿಸಬೇಕಾಯಿತು. ಇಲ್ಲಿ ಕೃಷಿ ಇಲಾಖೆ ಬಿತ್ತನೆಗೆ ಮುನ್ನವೇ ಬೀಜ ಪರೀಕ್ಷಿಸಲಿ. ಬೆಳೆ ನಿಂತ ಮೇಲೆ ದಾಳಿ ಮಾಡಿದರೆ ನಷ್ಟ ರೈತನಿಗೇ, ಮಾರಿದವನಿಗಲ್ಲ.

– ಹತ್ತಿ ಬೆಳೆಗಾರರು, ರಾಯಚೂರು