ಪೆರಾಕ್ಸೈಡ್ ಬಿಡು, ಕಬ್ಬಿಣ ಎಲ್ಲಿದೆ ನೋಡು

ಪುಟ್ಟಿ,

ನಿನ್ನ ಪ್ರಾಜೆಕ್ಟ್ ಪ್ಲ್ಯಾನ್ ಓದ್ದೆ, ಚೆನ್ನಾಗಿದೆ. ಆದ್ರೆ ಹೈಡ್ರೋಜನ್ ಪೆರಾಕ್ಸೈಡ್ ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎನ ಕಡಿದು ಸಾಯಿಸುತ್ತೆ ಅಂತ ಬರ್ದಿದ್ದೀಯಲ್ಲ, ಅಲ್ಲಿ ಸ್ವಲ್ಪ ನಿಲ್ಲು. ಪೆರಾಕ್ಸೈಡ್ ತಾನಾಗೇ ಡಿಎನ್‌ಎ ತಂಟೆಗೆ ಅಷ್ಟಾಗಿ ಹೋಗಲ್ಲ ಕಣೇ, ಸೆಲ್ ಒಳಗೆ ಸಡಿಲವಾಗಿರೋ ಫೆರಸ್ ಕಬ್ಬಿಣ (Fe²⁺) ಸಿಕ್ಕಾಗ ಎರಡೂ ಸೇರಿ ಫೆಂಟನ್ ರಿಯಾಕ್ಷನ್ ಆಗಿ ಏನ್ ಸಿಕ್ಕರೂ ಮೇಲೆ ಬೀಳೋ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತೆ, ಕಡಿಯೋದು ಅದು. ನಂಬಿಕೆ ಬರ್ಲಿಲ್ಲ ಅಂದ್ರೆ ಮೊದ್ಲು ಕಬ್ಬಿಣ ಹಿಡ್ಕೊಳ್ಳೋ ಡೈಪಿರಿಡಿಲ್ ಹಾಕಿ ಆಮೇಲೆ 2 ಮಿಲಿಮೋಲಾರ್ ಪೆರಾಕ್ಸೈಡ್ ಕೊಡು, ಪ್ಲೇಟಲ್ಲಿ ಕಾಲೊನಿ ಎಷ್ಟು ಜಾಸ್ತಿ ಉಳಿಯುತ್ತೆ ನೀನೇ ನೋಡ್ತೀಯ.

ಸೆಲ್ ಒಳಗಿನ ಕಬ್ಬಿಣದ ಲೆಕ್ಕ ನೋಡ್ಕೊಳ್ಳೋ ಫರ್ ಪ್ರೋಟೀನ್ ಬಗ್ಗೆ ಒಂದೇ ಸಾಲು ಬರ್ದು ಮುಗಿಸ್ಬಿಟ್ಟಿದ್ದೀಯ. ಕಬ್ಬಿಣ ಸಾಕಷ್ಟಿದ್ರೆ ಅದು ಫೆರಸ್ ಹಿಡ್ಕೊಂಡು ಡಿಎನ್‌ಎ ಮೇಲೆ ಕೂತು ಹೊರಗಿನ ಕಬ್ಬಿಣ ಹಿಡ್ದು ತರೋ ಎಂಟೆರೋಬ್ಯಾಕ್ಟಿನ್ ಮಾಡೋ ಜೀನುಗಳನ್ನ ಬಂದ್ ಮಾಡುತ್ತೆ, ಕಮ್ಮಿ ಆದ್ರೆ ಎದ್ದುಹೋಗುತ್ತೆ, ಆಗ ಹೊರಗಿಂದ ಕಬ್ಬಿಣ ತರೋ ಕೆಲ್ಸ ಶುರು, ಜೊತೆಗೆ ರೈಹೆಚ್‌ಬಿ ಅಂತ ಸುಮಾರು 90 ನ್ಯೂಕ್ಲಿಯೋಟೈಡಿನ ಪುಟ್ಟ ಆರ್‌ಎನ್‌ಎ ಬಂದು ಅಷ್ಟೇನೂ ಅರ್ಜೆಂಟ್ ಇಲ್ಲದ ಕಬ್ಬಿಣದ ಪ್ರೋಟೀನುಗಳ ತಯಾರಿ ನಿಲ್ಲಿಸುತ್ತೆ. ಇಷ್ಟು ಎಲ್ಲರೂ ಬರೀತಾರೆ.

ನಂಗೆ ಇಷ್ಟ ಆಗೋದು ಮುಂದಿನದು. ಪೆರಾಕ್ಸೈಡ್ ಬಂದ್ರೆ ಅದನ್ನ ಪತ್ತೆ ಹಚ್ಚೋ ಆಕ್ಸಿಆರ್ ಪ್ರೋಟೀನಿನ ಎರಡು ಸಿಸ್ಟೀನ್ (ಗಂಧಕ ಇರೋ ಅಮಿನೋ ಆಸಿಡ್) ಸೇರಿ ಡೈಸಲ್ಫೈಡ್ ಕೊಂಡಿ ಆಗುತ್ತೆ, ಆಗ ಆಕ್ಸಿಆರ್ ಎಬ್ಬಿಸೋದು ಪೆರಾಕ್ಸೈಡ್ ಒಡೆಯೋ ಕ್ಯಾಟಲೇಸ್ ಒಂದನ್ನೇ ಅಲ್ಲ, ಫರ್ ಜೀನನ್ನೂ ಎಬ್ಬಿಸುತ್ತೆ! ಯಾಕೆ ಹೇಳು? ಪೆರಾಕ್ಸೈಡು ಫರ್ ಹಿಡ್ಕೊಂಡಿರೋ ಕಬ್ಬಿಣಾನೇ ಆಕ್ಸಿಡೈಸ್ ಮಾಡಿದ್ರೆ ಫರ್ ಸಡಿಲ ಆಗಿ, ಸೆಲ್ಲು ಇನ್ನಷ್ಟು ಕಬ್ಬಿಣ ಒಳಗೆ ಎಳ್ಕೊಳ್ಳುತ್ತೆ, ಅಂದ್ರೆ ಉರಿಯೋ ಮನೆಗೆ ಸೌದೆ ಹೊತ್ತಂಗೆ. ಹಾಗಾಗಿ ಫರ್ ಜಾಸ್ತಿ ಬೇಕು. ಕಬ್ಬಿಣ ಕೂಡಿಡೋ ಡಿಪಿಎಸ್ ಪ್ರೋಟೀನಂತೂ ಭಾರೀ ಜಾಣ, 12 ತುಂಡಿನ ಟೊಳ್ಳು ಚೆಂಡು, ಫೆರಸ್‌ನ ಆಕ್ಸಿಡೈಸ್ ಮಾಡಕ್ಕೆ ಪೆರಾಕ್ಸೈಡನ್ನೇ ಬಳಸಿ ಕಬ್ಬಿಣಾನ ಒಳಗೆ ತುಂಬ್ಕೊಳ್ಳುತ್ತೆ, ಒಂದೇ ಏಟಿಗೆ ಎರಡೂ ಖಾಲಿ.

ಸೂಪರಾಕ್ಸೈಡ್ (ಆಕ್ಸಿಜನ್ನಿನ ಇನ್ನೊಂದು ಉಗ್ರ ರೂಪ) ಚಾಪ್ಟರ್ ಈಗ್ಲೇ ಬೇಡ. ಅದು ಅಕೋನಿಟೇಸ್ ತರದ ಎಂಜೈಮುಗಳ ಕಬ್ಬಿಣ-ಗಂಧಕದ ಕ್ಲಸ್ಟರ್ ಒಡೆದು ಕಬ್ಬಿಣ ಉದುರಿಸುತ್ತೆ, ಅಷ್ಟು ಗೊತ್ತಿರ್ಲಿ.

ಇನ್ನೊಂದು, ಓವರ್‌ನೈಟ್ ಕಲ್ಚರ್ ನೇರ ಎತ್ತಿ ಪೆರಾಕ್ಸೈಡ್ ಕೊಡ್ಬೇಡ. ಹಾಗೆ ಬೆಳವಣಿಗೆ ನಿಂತ ಸ್ಟೇಷನರಿ ಫೇಸಲ್ಲಿ ಡಿಪಿಎಸ್ ತುಂಬಿರುತ್ತೆ, ಸೆಲ್ಲು ದಟ್ಟ ಇದ್ರೆ ಕ್ಯಾಟಲೇಸು ಪೆರಾಕ್ಸೈಡನ್ನ ಬೇಗ ಮುಗಿಸುತ್ತೆ, ನೀನು ಫರ್ ಕೆಟ್ಟಿರೋ ಮ್ಯುಟೆಂಟ್ ಗಟ್ಟಿ ಅಂದ್ಕೊಂಡು ಕೂರ್ತೀಯ. ವೈಲ್ಡ್ ಟೈಪು (ಮಾಮೂಲಿ ತಳಿ), ಫರ್ ಮ್ಯುಟೆಂಟು ಎರಡನ್ನೂ ಫ್ರೆಶ್ ಆಗಿ ಬೆಳೆಸಿ ಒಂದೇ ಓಡಿಯಲ್ಲಿ (ಕಲ್ಚರ್ ಎಷ್ಟು ದಟ್ಟ ಅನ್ನೋ ಅಳತೆ) ತಗೋ, ಅವುಗಳನ್ನ ಬೆಳೆಸೋ ಮೀಡಿಯಾ ಬಾಟ್ಲಿ ಬೆಳಕಲ್ಲಿ ಬಿಡ್ಬೇಡ, ಅದ್ರಲ್ಲೇ ಪೆರಾಕ್ಸೈಡ್ ಹುಟ್ಟುತ್ತೆ.

ನಿನ್ನ ದೊಡ್ಡಪ್ಪ